ಮೆಟ್ಟಿಲ ಮೇಲಿನ ಪಿಸುಮಾತು ಯಾರದು?

೨೦೨೩ರಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಣ್ಣ ಸಬ್‌ಟೈಟಲ್ ಕಂಪನಿಯಲ್ಲಿ ಸೀನಿಯರ್ ಕ್ವಾಲಿಟಿ ಚೆಕರ್ ಆಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಮೌಂಟನ್ ವ್ಯೂನಿಂದ ಬೆಳಗಿನ ರೈಲು ಹಿಡಿದು ಹೋಗುತ್ತಿದ್ದೆ. ಆಫೀಸು ತಲುಪಿದ ಮೇಲೆ ಮೊದಲು ಮೇಜು ಒರೆಸುವುದು, ಆಮೇಲೆ ಹೆಡ್‌ಫೋನ್ ಒರೆಸುವುದು, ಆಮೇಲೆ ಕೆಲಸ. ಈ ಕ್ರಮವನ್ನು ಜೊತೆಯವರು ತಮಾಷೆ ಮಾಡುತ್ತಿದ್ದರು. ಮೈಸೂರಿನ ಹುಡುಗಿಯರ ಹಾಸ್ಟೆಲಿನಲ್ಲಿ ಗಂಟೆ ಬಾರಿಸಿದರೆ ಏಳುವುದು, ಗಂಟೆ ಬಾರಿಸಿದರೆ ಉಣ್ಣುವುದು ಎಂದು ಬೆಳೆದವಳು ನಾನು. ತಮಾಷೆಗೆಲ್ಲ ಕ್ರಮ ಬದಲಿಸಲು ನನಗೆ ಬರುವುದಿಲ್ಲ.

ನಮ್ಮ ಕೆಲಸವನ್ನು ಸ್ವಲ್ಪ ವಿವರಿಸಬೇಕು. ಸಿನಿಮಾ ಪರದೆಯ ಕೆಳಗೆ ಓಡುವ ಅಕ್ಷರಗಳನ್ನು ಯಾರೋ ಕೂತು ಬರೆದಿದ್ದಾರೆ ಎಂದು ನೋಡುವವರು ಯೋಚಿಸುವುದಿಲ್ಲ. ಯೋಚಿಸಿದರೆ ನಮ್ಮ ಕೆಲಸ ಎಲ್ಲೋ ಕೆಟ್ಟಿದೆ ಎಂದೇ ಅರ್ಥ. ಒಂದು ಸಲಕ್ಕೆ ಎರಡು ಸಾಲು, ಒಂದು ಸಾಲಿಗೆ ಹೆಚ್ಚೆಂದರೆ ನಲವತ್ತೆರಡು ಅಕ್ಷರ. ಮಾತು ಮುಗಿಯುವುದರೊಳಗೆ ಓದಿ ಮುಗಿಯಬೇಕು, ಓದಿ ಮುಗಿದ ಕಣ್ಣು ಮತ್ತೆ ನಟರ ಮುಖಕ್ಕೆ ಹೋಗಬೇಕು. ಅನುವಾದಕರು ಬಹುತೇಕ ಮೂಲಭಾಷೆಯಿಂದ ಅನುವಾದ ಮಾಡುವುದಿಲ್ಲ. ಯಾವ ಮಾತು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗುರುತು ಹಾಕಿದ ಇಂಗ್ಲಿಷ್ ಪಠ್ಯವೊಂದು ಬರುತ್ತದೆ. ಅದಕ್ಕೆ ಟೆಂಪ್ಲೇಟ್ ಎನ್ನುತ್ತೇವೆ. ಕನ್ನಡ, ತಮಿಳು, ಸ್ಪ್ಯಾನಿಷ್ ಎಲ್ಲವೂ ಆ ಟೆಂಪ್ಲೇಟ್ ಎಂಬ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ಬಾಗಿಲು ಸೊಟ್ಟಗಿದ್ದರೆ ಎಲ್ಲರೂ ಸೊಟ್ಟಗೇ ಬರುತ್ತಾರೆ.

ಅನುವಾದಕರು ಮಾಡಿದ್ದನ್ನು ಚೆಕರ್ ನೋಡುತ್ತಾರೆ. ನಾನು ಪ್ರತಿ ಚಿತ್ರವನ್ನೂ ಮೂರು ಸಲ ನೋಡುತ್ತಿದ್ದೆ. ಮೊದಲು ಮಾಮೂಲಿನಂತೆ. ಎರಡನೆಯ ಸಲ ಚಿತ್ರ ಮುಚ್ಚಿ, ಧ್ವನಿ ಮಾತ್ರ. ಮೂರನೆಯ ಸಲ ಧ್ವನಿ ತೆಗೆದು, ಚಿತ್ರ ಮಾತ್ರ. ಕಂಪನಿಯ ನಿಯಮದಲ್ಲಿ ಇದ್ದದ್ದು ಒಂದೇ ಸಲ. ಉಳಿದೆರಡು ನನ್ನ ಹಾಸ್ಟೆಲಿನವು.

ಆ ವರ್ಷ ಫ್ರೀಮಾಂಟಿನ ಕನ್ನಡ ಬಳಗದವರು ಹಿರಿಯರಿಗಾಗಿ ಒಂದು ಸಿನಿಮಾ ಪ್ರದರ್ಶನ ಇಟ್ಟುಕೊಂಡಿದ್ದರು. ಮಕ್ಕಳ ಮನೆಗೆ ಬಂದು ನೆಲೆಸಿರುವ ಅಜ್ಜ ಅಜ್ಜಿಯರಿಗೆ ಬೇರೆ ಭಾಷೆಯ ಕುಟುಂಬ ಚಿತ್ರವೊಂದನ್ನು ಕನ್ನಡ ಸಬ್‌ಟೈಟಲ್ ಹಾಕಿ ತೋರಿಸಬೇಕು ಎಂಬುದು ಅವರ ಆಸೆ. ಆರಿಸಿದ್ದು ಕೊರಿಯನ್ ಭಾಷೆಯ ಒಂದು ಚಿತ್ರ. ನಿರ್ದೇಶಕಿ ಹೇಜಿನ್ ಮಿನ್, ಓಕ್‌ಲ್ಯಾಂಡಿನಲ್ಲೇ ಹುಟ್ಟಿ ಬೆಳೆದ ಮೂವತ್ತರ ಆಸುಪಾಸಿನ ಹುಡುಗಿ. ಇದು ಅವಳ ಮೊದಲ ಚಿತ್ರ. ಬಹುಕಾಲ ಕಾದು, ಸ್ನೇಹಿತರನ್ನೆಲ್ಲ ಸೇರಿಸಿಕೊಂಡು ಮಾಡಿದ್ದು. ಚಿತ್ರದಲ್ಲಿ ತಂದೆಯ ಪಾತ್ರ ಮಾಡಿದವರು ಅವಳ ಸ್ವಂತ ತಂದೆ, ಎಪ್ಪತ್ತು ದಾಟಿದ ಮಿಸ್ಟರ್ ಮಿನ್. ಅವರು ನಟರಲ್ಲ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮಗಳ ಪಾತ್ರಕ್ಕೆ ಬೇರೆ ನಟಿ. (ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ.)

ಕನ್ನಡ ಅನುವಾದ ಮಾಡಿದವಳು ಚೈತ್ರ. ಬೆಂಗಳೂರಿನವಳು, ಮೌಂಟನ್ ವ್ಯೂನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಬೀದಿಯಲ್ಲೇ ಇದ್ದಳು. ಮಗಳನ್ನು ಡೇಕೇರಿಗೆ ಬಿಟ್ಟು ಬಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಕೊರಿಯನ್ ಧಾರಾವಾಹಿ ಎಂದರೆ ಪ್ರಾಣ. ಅದನ್ನು ನೋಡಿ ನೋಡಿಯೇ ನಾಲ್ಕು ಮಾತು ಕಲಿತಿದ್ದಳು. ಮೊದಲ ಕಂತು ಕಳಿಸಿದ ದಿನ ಫೋನಿನಲ್ಲಿ ಅವಳ ಉತ್ಸಾಹ ಹೇಳತೀರದು.

"ಆಂಟಿ, ಕೊರಿಯನ್ನರು ನಮ್ಮೋರೇ! ಅಪ್ಪಂಗೆ ಅಪ್ಪ ಅಂತಾರೆ, ಅಮ್ಮಂಗೆ ಹೆಚ್ಚುಕಮ್ಮಿ ಅಮ್ಮ ಅಂತಾರೆ. ನಾ ಅಂದ್ರೆ ನಾನು, ನೀ ಅಂದ್ರೆ ನೀನು. ಇನ್ನೇನು ಬೇಕು? ಮುಂದಿನ ಸಲ ಟೆಂಪ್ಲೇಟೂ ಬೇಡ, ಪಂಪ್ಲೇಟೂ ಬೇಡ. ಡೈರೆಕ್ಟಾಗಿ ಕಿವೀಲಿ ಕೇಳಿ ಬರೀತೀನಿ."

"ಮೊದಲು ‘ಆಸ್ಪತ್ರೆ’ಗೆ ಸರಿಯಾಗಿ ಒತ್ತು ಕೊಡಮ್ಮ. ಮೂರು ಕಡೆ ಬಿಟ್ಟಿದ್ದೀಯ."

"ಅಯ್ಯೋ ದೇವರೇ, ನಿಮ್ಮ ಹತ್ರ ಖುಷಿ ಹಂಚಿಕೊಳ್ಳಕ್ಕೂ ಸ್ಪೆಲ್ಲಿಂಗ್ ಟೆಸ್ಟ್ ಪಾಸಾಗ್ಬೇಕು!"

ಅವಳ ಕೆಲಸ ಮಾತ್ರ ಚೆನ್ನಾಗಿತ್ತು. ಚಿತ್ರದ ಕತೆ ಸರಳ. ಹೆಂಡತಿ ತೀರಿಕೊಂಡ ಮೇಲೆ ತಂದೆಯೊಬ್ಬ ತನ್ನ ಚಿಕ್ಕ ಮಗಳನ್ನು ಅಮೆರಿಕದಲ್ಲಿರುವ ತಂಗಿಯ ಮನೆಗೆ ಓದಲು ಕಳಿಸುತ್ತಾನೆ. ತಾನು ಬಂದರಿನ ಐಸ್ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ವಯಸ್ಸಾದ ಮೇಲೆ ಮಗಳನ್ನು ನೋಡಲು ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಾನೆ. ಇಬ್ಬರಿಗೂ ಪ್ರೀತಿಯಿದೆ, ಆದರೆ ಆಡಲು ಒಂದು ಭಾಷೆಯಿಲ್ಲ. ಮಗಳ ಕೊರಿಯನ್ ಅಡುಗೆಮನೆ ದಾಟುವುದಿಲ್ಲ, ತಂದೆಯ ಇಂಗ್ಲಿಷ್ ಬಸ್ ಸ್ಟಾಪ್ ದಾಟುವುದಿಲ್ಲ.

ಅಷ್ಟರಲ್ಲಿ ನಾನು ಹಲವಾರು ಕೊರಿಯನ್ ಕುಟುಂಬ ಚಿತ್ರಗಳನ್ನು ಚೆಕ್ ಮಾಡಿದ್ದೆ. ಅವುಗಳ ರೀತಿಯೊಂದು ನನಗೆ ಪರಿಚಯವಾಗಿತ್ತು. ನಮ್ಮ ಹಳೆಯ ಚಿತ್ರಗಳಲ್ಲಿ ತ್ಯಾಗ ಮಾಡಿದ ತಾಯಿಯೋ ತಂದೆಯೋ ಒಂದಲ್ಲ ಒಂದು ರೀಲಿನಲ್ಲಿ ಬಾಯಿಬಿಟ್ಟು ಹೇಳುತ್ತಾರೆ, ಹಾಡಿಯಾದರೂ ಹೇಳುತ್ತಾರೆ. ಕೊರಿಯನ್ ಚಿತ್ರದ ಹಿರಿಯರು ಹೇಳುವುದಿಲ್ಲ. ಹಣ್ಣು ಹೆಚ್ಚಿ ಮಗುವಿನ ಮುಂದಿಟ್ಟು ತಾವು ಬೀಜದ ಸುತ್ತ ಉಳಿದದ್ದನ್ನು ತಿನ್ನುತ್ತಾರೆ, ಕ್ಯಾಮೆರಾ ಸುಮ್ಮನೆ ನೋಡುತ್ತದೆ. ಏನಾದರೂ ಕೇಳಿದರೆ ‘ಗ್ವೆಂಚನಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಅದನ್ನು ‘ಐ ಆಮ್ ಫೈನ್’ ಎಂದು ಹಾಕುತ್ತಾರೆ. ಆದರೆ ಅದರ ನಿಜವಾದ ಅರ್ಥ ‘ಈ ವಿಷಯ ಇಲ್ಲಿಗೆ ಬಿಡು’ ಎಂದು. ಚೈತ್ರ ಅದನ್ನು ‘ನಂಗೇನಾಗಿದೆ?’ ಎಂದು ಬರೆದಿದ್ದಳು. ನಾನು ಪಕ್ಕದಲ್ಲಿ ‘ಬಹಳ ಸರಿ’ ಎಂದು ಗುರುತು ಹಾಕಿದೆ. ಹಾಗೆ ನಾನು ಗುರುತು ಹಾಕುವುದು ಅಪರೂಪ.

ಚಿತ್ರದ ಮುಖ್ಯ ದೃಶ್ಯ ಕಡಿದಾದ ಮೆಟ್ಟಿಲುಗಳ ಮೇಲೆ ನಡೆಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲವು ಬೀದಿಗಳು ಗುಡ್ಡಕ್ಕೆ ಸೋತು ಮೆಟ್ಟಿಲುಗಳಾಗಿಬಿಟ್ಟಿವೆ. ಅಂಥ ಒಂದು ಕಡೆ ತಂದೆ ಮಗಳು ಜಗಳವಾಡುತ್ತಾರೆ, ಮಗಳು ಸಿಟ್ಟಿನಲ್ಲಿ ಇಳಿಯುವಾಗ ಕಾಲು ಉಳುಕುತ್ತದೆ. ತಂದೆ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೆನ್ನು ಕೊಡುತ್ತಾನೆ. ಕೊರಿಯಾದಲ್ಲಿ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸುವುದು ವಾಡಿಕೆ. ಬೆನ್ನು ಕೊಡುವುದೆಂದರೆ ಅಲ್ಲಿ ಕ್ಷಮೆ ಕೇಳಿದ ಹಾಗೂ ಆಯಿತು, ಕ್ಷಮಿಸಿದ ಹಾಗೂ ಆಯಿತು. ಅಲ್ಲಿ ಅವನು ಆಡುವ ಒಂದು ಮಾತಿಗೆ ಇಂಗ್ಲಿಷ್ ಟೆಂಪ್ಲೇಟಿನಲ್ಲಿ ‘ಹಾಪ್ ಆನ್’ ಎಂದಿತ್ತು, ಸೈಕಲ್ ಹಿಂದೆ ಹತ್ತಿಸಿಕೊಂಡ ಹಾಗೆ. ಚೈತ್ರ ‘ಬಾ, ಉಪ್ಪುಮೂಟೆ’ ಎಂದು ಬರೆದಿದ್ದಳು. ಓದಿ ನಾನು ಸ್ವಲ್ಪ ಹೊತ್ತು ಚಿತ್ರ ನಿಲ್ಲಿಸಿ ಕೂತೆ.

ಎಪ್ಪತ್ತು ದಾಟಿದ ಮನುಷ್ಯ ಬೆಳೆದ ಹೆಣ್ಣುಮಗಳನ್ನು ಹೊತ್ತು ಮೆಟ್ಟಿಲು ಹತ್ತುತ್ತಾರೆ. ಕ್ಯಾಮೆರಾ ಹಿಂದಿನಿಂದ ಹಿಂಬಾಲಿಸುತ್ತದೆ. ಅವಳ ಕೆನ್ನೆ ಅವರ ಭುಜದ ಮೇಲಿದೆ, ಮುಖದ ಒಂದು ಪಕ್ಕ ಮಾತ್ರ ನಮಗೆ ಕಾಣುತ್ತದೆ. ಮೇಲೆ ತಲುಪುವ ಸ್ವಲ್ಪ ಮೊದಲು ಒಂದು ಪಿಸುಮಾತು ಕೇಳಿಸುತ್ತದೆ. ಟೆಂಪ್ಲೇಟಿನಲ್ಲಿ ಅದು ‘ಡ್ಯಾಡ್’. ಮಾತಾಡುವವಳು ಮಗಳು. ಕನ್ನಡದಲ್ಲಿ ‘ಅಪ್ಪ’. ಮಗಳು ಚಿತ್ರದುದ್ದಕ್ಕೂ ತಂದೆಯನ್ನು ಹಾಗೆ ಕರೆದಿರುವುದಿಲ್ಲ. ಅಲ್ಲಿ ಕರೆಯುತ್ತಾಳೆ. ಎಲ್ಲವೂ ಸರಿಯಾಗಿ ಕೂತಿತ್ತು. ಮೊದಲ ಸಲ ನೋಡಿದಾಗಲೂ, ಧ್ವನಿ ಮಾತ್ರ ಕೇಳಿದಾಗಲೂ ನನಗೆ ಏನೂ ಅನ್ನಿಸಲಿಲ್ಲ.

ಮೂರನೆಯ ಸಲ, ಧ್ವನಿ ತೆಗೆದು ನೋಡುವಾಗ, ಆ ಸಾಲು ಪರದೆಯ ಮೇಲೆ ಬಂತು. ಮಗಳ ಬಾಯಿ ಮುಚ್ಚಿತ್ತು.

ಹಿಂದೆ ಎಳೆದು ಮತ್ತೆ ನೋಡಿದೆ. ತುಟಿ ಅಲ್ಲಾಡಲಿಲ್ಲ. ಅಲ್ಲಾಡಿದ್ದು ತಂದೆಯ ದವಡೆ, ಕಿವಿಯ ಕೆಳಗೆ ಒಂದಿಷ್ಟು. ಪಿಸುಮಾತಿನಲ್ಲಿ ಕಂಠ ಕಂಪಿಸುವುದಿಲ್ಲ. ಆದ್ದರಿಂದ ಗಂಡಸಿನದೋ ಹೆಂಗಸಿನದೋ ಎಂದು ಕಿವಿಗೆ ತಿಳಿಯುವುದು ಕಷ್ಟ. ನಮ್ಮ ವೃತ್ತಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಚೈತ್ರಳಿಗೆ ಫೋನ್ ಮಾಡಿದೆ.

"ಮೆಟ್ಟಿಲ ಮೇಲೆ ಅಪ್ಪ ಅನ್ನೋದು ಯಾರು?"

"ಮಗಳು. ಅಪ್ಪನ್ನ ಇನ್ಯಾರು ಅಪ್ಪ ಅಂತಾರೆ ಆಂಟಿ?"

"ಅವಳ ಬಾಯಿ ಮುಚ್ಚಿದೆ. ನೋಡು."

ಅವಳು ನೋಡಿದಳು. "ಹೌದಲ್ಲ! ಹಾಗಾದ್ರೆ ಮುದುಕಪ್ಪನೇ ಅಂದಿದಾರೆ. ಅದ್ರಲ್ಲೇನಿದೆ? ಭಾರ ಹೊತ್ಕೊಂಡು ಹತ್ತುವಾಗ ನಾವೂ ಅಪ್ಪಾ ಅಮ್ಮಾ ಅನ್ನಲ್ವಾ? ನಮ್ಮ ಮಾವ ಸೋಫಾದಿಂದ ಎದ್ರೆ ‘ಅಪ್ಪಪ್ಪಾ’ ಅಂತಾನೇ ಏಳೋದು. ನಾನು ಅವತ್ತೇ ಹೇಳಿದ್ನಲ್ಲ, ನಮ್ಮೋರೇ ಅಂತ."

"ಕೊರಿಯನ್ನರು ನೋವಾದರೆ ಅಪ್ಪನ್ನ ಕರೀತಾರಾ?"

"ಇಲ್ಲ... ಅವರು ‘ಐಗೋ’ ಅಂತಾರೆ. ಎಲ್ಲ ಸೀರಿಯಲ್ನಲ್ಲೂ ಅಜ್ಜಿಗಳು ಐಗೋ ಐಗೋ ಅಂತಾನೇ ಓಡಾಡೋದು." ಹಿಂದಿನಿಂದ ಆ ಪಿಸುಮಾತು ಒಂದು ಸಲ, ಇನ್ನೊಂದು ಸಲ ಕೇಳಿಸಿತು. ಆಮೇಲೆ ಅವಳ ದನಿ ಬದಲಾಯಿತು. "ಆಂಟಿ, ಇದು ಅಪ್ಪ ಅಲ್ಲ. ‘ಅಫಾ’. ಡಾಕ್ಟರ್ ಹತ್ರ ಮಕ್ಕಳು ಅಳ್ತಾ ಹೇಳ್ತವೆ. ನೋಯ್ತಿದೆ ಅಂತ."

ಆ ‘ಫಾ’ವನ್ನು ಇಂಗ್ಲಿಷಿನ ಎಫ್ ಥರ ಓದಬಾರದು. ‘ಫಲ’ ಎಂದು ಶಾಲೆಯಲ್ಲಿ ಮೇಷ್ಟರು ಉಸಿರು ಹೊರಡಿಸಿ ಹೇಳಿಕೊಡುತ್ತಿದ್ದರಲ್ಲ, ಆ ಮಹಾಪ್ರಾಣ. ಕೊರಿಯನ್ನರಿಗೆ ಒತ್ತಿ ಹೇಳಿದರೆ ತಂದೆ, ಉಸಿರು ಸೇರಿಸಿ ಹೇಳಿದರೆ ನೋವು. ಮಹಾಪ್ರಾಣವನ್ನು ಬರೆಯುವುದರಲ್ಲಿ ಮಾತ್ರ ಉಳಿಸಿಕೊಂಡು ನಾಲಿಗೆಯಿಂದ ಬಿಟ್ಟುಕೊಟ್ಟಿರುವ ನಮಗೆ ಎರಡೂ ಒಂದೇ. ಕನ್ನಡದ ಕಿವಿ ಬೀಳಲೇಬೇಕಾದ ಗುಂಡಿಗೇ ನಾವಿಬ್ಬರೂ ಬಿದ್ದಿದ್ದೆವು. ಆದರೆ ಟೆಂಪ್ಲೇಟ್ ಬರೆದವಳು ಕನ್ನಡದವಳಲ್ಲ. ಅದನ್ನು ಸ್ವತಃ ಹೇಜಿನ್ ಬರೆದಿದ್ದಳು. ಅವಳು ಹೇಗೆ ತಪ್ಪಿದಳು?

ಸ್ಕ್ರಿಪ್ಟ್ ತೆರೆದು ನೋಡಿದ ಮೇಲೆ ಅದೂ ತಿಳಿಯಿತು. ಅಲ್ಲಿ ಮಗಳ ಮಾತಾಗಿ ‘ಅಪ್ಪ’ ಎಂದೇ ಬರೆದಿತ್ತು. ನಟಿ ಆ ಟೇಕಿನಲ್ಲಿ ಮಾತು ಮರೆತಿದ್ದಳೋ ಏನೋ, ಆಡಲಿಲ್ಲ. ಸರಿಯಾಗಿ ಅದೇ ಜಾಗದಲ್ಲಿ ಇನ್ನೊಬ್ಬರ ಬಾಯಿಂದ ಇನ್ನೊಂದು ಮಾತು ಬಂದಿತ್ತು. ಹೇಜಿನ್ ಕೇಳಬೇಕೆಂದು ಕಾದಿದ್ದ ಮಾತನ್ನೇ ಕೇಳಿಸಿಕೊಂಡಿದ್ದಳು.

ಇಂಥ ಅನುಮಾನ ಬಂದರೆ ಪ್ರಶ್ನೆ ಕಳಿಸುವುದು ಪದ್ಧತಿ. ಮಾತಿನ ವಿಷಯಕ್ಕೆ ಸಂಪರ್ಕಿಸಬೇಕಾದವರು ಎಂಬಲ್ಲಿ ಹೇಜಿನ್ ತನ್ನ ತಂದೆಯ ಹೆಸರು ಕೊಟ್ಟಿದ್ದಳು. ಅವಳ ಕೊರಿಯನ್ನಿಗಿಂತ ಅವರದು ಗಟ್ಟಿ ಎಂದು. ನಾನು ಆ ತುಣುಕನ್ನು ಜೋಡಿಸಿ ಎರಡೇ ಸಾಲು ಬರೆದೆ: ಇಲ್ಲಿ ಮಾತಾಡಿದವರು ಯಾರು? ಆಡಿದ ಮಾತು ಏನು?

ಮಾರನೆಯ ದಿನ ಶುಕ್ರವಾರ. ಉತ್ತರ ಮೇಲ್‌ನಲ್ಲಿ ಬರಲಿಲ್ಲ. ಮಿಸ್ಟರ್ ಮಿನ್ ತಾವೇ ಬಂದರು.

ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಶರ್ಟು. ಕೈಯಲ್ಲಿ ಕಾಗದದ ಚೀಲ ತುಂಬ ಪೇರುಹಣ್ಣು. ಕುರ್ಚಿ ತೋರಿಸಿದೆ. ಅವರು ಕೂತ ರೀತಿ ನೋಡಿದೆ. ಎರಡು ಕೈಯಿಂದ ಮೇಜು ಹಿಡಿದು, ಉಸಿರು ಬಿಗಿಹಿಡಿದು, ಬೆನ್ನನ್ನು ಗಾಜಿನ ಸಾಮಾನಿನ ಹಾಗೆ ಕೆಳಗಿಳಿಸಿದರು. ಆಮೇಲೆ ನಕ್ಕರು. ಅವರ ಇಂಗ್ಲಿಷ್ ಚಿಕ್ಕ ಚಿಕ್ಕ ವಾಕ್ಯಗಳದ್ದು, ಆದರೆ ಗೊಂದಲವಿಲ್ಲದ್ದು. ಅದನ್ನು ಇಲ್ಲಿ ಕನ್ನಡದಲ್ಲೇ ಕೊಡುತ್ತೇನೆ.

"ನಿಮ್ಮ ಕಿವಿ ಬಹಳ ಒಳ್ಳೆಯದು, ಮ್ಯಾಡಂ."

"ಕಿವಿಯಲ್ಲ, ಕಣ್ಣು," ಎಂದೆ. "ಹಾಗಾದರೆ ಆ ಮಾತು ನಿಮ್ಮದೇ?"

"ನನ್ನದೇ. ಆಡಬಾರದಿತ್ತು. ಹೊರಬಂದುಬಿಟ್ಟಿತು. ದಯವಿಟ್ಟು ‘ಅಪ್ಪ’ ಅಂತಲೇ ಬಿಡಿ."

ಏಕೆ ಎಂದು ಕೇಳಿದೆ. ಅವರು ನಿಧಾನವಾಗಿ ಹೇಳಿದರು. ಆ ದಿನ ಮೆಟ್ಟಿಲು ಹತ್ತುವಾಗ ಬೆನ್ನಿನಲ್ಲಿ ಏನೋ ಕಳಕ್ ಎಂದಿತು. ಟೇಕ್ ಚೆನ್ನಾಗಿ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು, ಮಗಳು ಅತ್ತುಬಿಟ್ಟಳು. ಆ ಹೊತ್ತಿನಲ್ಲಿ ಹೇಗೆ ಹೇಳುವುದು? ಅಂದಿನಿಂದ ಮಲಗಿದರೆ ಏಳಲು ಆಗುವುದಿಲ್ಲ ಎಂದು ಹಜಾರದ ಆರಾಮಕುರ್ಚಿಯಲ್ಲೇ ನಿದ್ದೆ ಮಾಡುತ್ತಿದ್ದರು. ಟಿವಿ ನೋಡುತ್ತಾ ಅಲ್ಲೇ ನಿದ್ದೆ ಬಂದುಬಿಡುತ್ತದೆ ಎಂದು ಮಗಳಿಗೆ ಹೇಳಿದ್ದರು. ಅವಳು ನಂಬಿದ್ದಳು.

"ಡಾಕ್ಟರ್?" ಎಂದೆ.

"ಮುಂದಿನ ವಾರ ಆದ ಮೇಲೆ."

"ಮುಂದಿನ ವಾರ ಏನಿದೆ?"

ಅವರ ಮುಖ ಅರಳಿತು. "ಶೂಟಿಂಗ್. ಬಿಡುಗಡೆಗೆ ಮೊದಲು ಅದೇ ಮೆಟ್ಟಿಲಲ್ಲಿ ಒಂದು ಹತ್ತಿರದ ಶಾಟ್ ಬೇಕಂತೆ. ನನ್ನ ಮುಖದ್ದು. ಮತ್ತೊಂದು ಸಲ ಹೊರಬೇಕು. ಒಂದೇ ಸಲ."

ನಾನು ಪೆನ್ನು ಕೆಳಗಿಟ್ಟೆ. ಅಲ್ಲಿಯವರೆಗೆ ಅದು ಒಂದು ಶಬ್ದದ ಪ್ರಶ್ನೆಯಾಗಿತ್ತು. ಒಪ್ಪಿಕೊಳ್ಳಬೇಕು, ಅವರ ಕೋರಿಕೆ ನನಗೆ ಅರ್ಥವಾಗದ್ದೇನಲ್ಲ. ಮಕ್ಕಳ ಕೆಲಸ ನಿಲ್ಲಬಾರದೆಂದು ಹಲ್ಲು ಕಚ್ಚಿ ಕೂತವರನ್ನು ನಮ್ಮ ಜನರಲ್ಲೂ ಎಷ್ಟೋ ನೋಡಿದ್ದೇನೆ. ಫ್ರೀಮಾಂಟಿನ ಸಭಾಂಗಣದಲ್ಲಿ ಕೂರುವ ಒಬ್ಬರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ‘ಅಪ್ಪ’ ಎಂದರೆ ಚಿತ್ರಕ್ಕೂ ಚೆಂದ. ಆದರೆ ಈ ಮನುಷ್ಯ ಇನ್ನು ಕೆಲವು ದಿನಕ್ಕೆ ಅದೇ ಬೆನ್ನಿನ ಮೇಲೆ ಅದೇ ಭಾರ ಹೊತ್ತು ಹತ್ತುವವರಿದ್ದರು. ಅವರು ಕೇಳುತ್ತಿದ್ದದ್ದು ನನ್ನ ಒಂದು ಸಾಲಿನ ಸಹಾಯ.

"ನಿಮ್ಮ ಮಾತನ್ನು ನಾನು ಇನ್ನೊಬ್ಬರ ಬಾಯಿಗೆ ಹಾಕುವುದಿಲ್ಲ, ಮಿಸ್ಟರ್ ಮಿನ್," ಎಂದೆ. "ನನ್ನ ಕೆಲಸದಲ್ಲಿ ಅದು ಸುಳ್ಳು. ಸೋಮವಾರ ಸಂಜೆ ಫೈಲು ಹೋಗಬೇಕು. ಅಲ್ಲಿಯವರೆಗೆ ಆ ಸಾಲು ಖಾಲಿ ಬಿಡುತ್ತೇನೆ. ಮಗಳಿಗೆ ನೀವೇ ಹೇಳಿ. ಹೇಳದಿದ್ದರೆ ಸೋಮವಾರ ಇದೇ ಪ್ರಶ್ನೆ ನಿರ್ದೇಶಕಿಗೆ ಹೋಗುತ್ತದೆ."

ಅವರು ಕೇಳಿದರು, "ನಿಮಗೆ ಮಕ್ಕಳಿದ್ದಾರಾ?"

"ಇಬ್ಬರು."

"ಅವರಿಗೆ ನೀವು ಎಲ್ಲ ಹೇಳ್ತೀರಾ?"

"ಇಲ್ಲ," ಎಂದೆ. "ಆದರೆ ಅವರು ನನ್ನ ಬೆನ್ನ ಮೇಲೆ ಹತ್ತಲು ಬರುತ್ತಿದ್ದರೆ ಹೇಳುತ್ತಿದ್ದೆ."

ಅವರು ಪಕ್ಕನೆ ನಕ್ಕರು. ನಗು ಬೆನ್ನಿಗೆ ತಾಗಿತು, ಮೇಜು ಹಿಡಿದುಕೊಂಡರು. ಹಣ್ಣಿನ ಚೀಲ ಬಿಟ್ಟು ಹೋದರು.

ಶನಿವಾರ ಚೈತ್ರ ಮಗಳನ್ನು ಕರೆದುಕೊಂಡು ಮನೆಗೆ ಬಂದಳು. ಪೇರುಹಣ್ಣು ಹೆಚ್ಚಿ ಕೊಟ್ಟು ವಿಷಯ ಹೇಳಿದೆ. ಅವಳಿಗೆ ನನ್ನ ಮೇಲೇ ಸಿಟ್ಟು ಬಂತು.

"ಏನಾಂಟಿ ನೀವು! ಪಾಪ, ಅಷ್ಟು ದೂರದಿಂದ ಬಂದು ಕೈಮುಗಿದು ಕೇಳಿದ್ರೆ ಲಾಯರ್ ನೋಟಿಸ್ ಕೊಟ್ಟ ಹಾಗೆ ಸೋಮವಾರ ಸಂಜೆ ಅಂದ್ರಾ? ಸೀದಾ ಆ ಹುಡುಗಿಗೆ ಫೋನ್ ಮಾಡಿ ಹೇಳೋದಲ್ವಾ?"

"ನಾನು ಹೇಳಿದರೆ ಅವರು ಸಿಕ್ಕಿಬಿದ್ದ ಹಾಗಾಗುತ್ತೆ. ಅವರೇ ಹೇಳಿದರೆ ಹೇಳಿದ ಹಾಗಾಗುತ್ತೆ."

"ಅವರು ಹೇಳಲ್ಲ. ಸಾವಿರ ಎಪಿಸೋಡ್ ನೋಡಿದೀನಿ, ಯಾವ ಅಪ್ಪನೂ ಹೇಳಲ್ಲ."

"ಅಮ್ಮ, ವಾಟ್ ಹ್ಯಾಪನ್ಡ್ ಟು ದ ಗ್ರ್ಯಾಂಡ್‌ಪಾ?" ಎಂದು ಅವಳ ಪುಟ್ಟ ಮಗಳು ಕೇಳಿತು. ನಾವು ಕನ್ನಡದಲ್ಲಿ ಆಡಿದ್ದೆಲ್ಲ ಅದಕ್ಕೆ ತಿಳಿದಿತ್ತು.

"ಬೆನ್ನು ನೋವಂತೆ ಕಂದ, ಯಾರಿಗೂ ಹೇಳ್ತಿಲ್ಲ," ಎಂದಳು ಚೈತ್ರ.

"ದಟ್ಸ್ ಸಿಲ್ಲಿ," ಎಂದು ಮಗು ಹಣ್ಣಿಗೆ ಕೈ ಹಾಕಿತು. ಆ ಇಡೀ ಪ್ರಕರಣದಲ್ಲಿ ಅಷ್ಟು ಸ್ಪಷ್ಟವಾದ ಅಭಿಪ್ರಾಯ ಬೇರೆ ಯಾರೂ ಕೊಡಲಿಲ್ಲ.

ಸೋಮವಾರ ಮಧ್ಯಾಹ್ನ ತಂದೆ ಮಗಳು ಇಬ್ಬರೂ ಬಂದರು. ಚೈತ್ರ ಹೇಳಿದ್ದು ಅರ್ಧ ನಿಜವಾಗಿತ್ತು. ಮಿಸ್ಟರ್ ಮಿನ್ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಕರೆದುಕೊಂಡು ಬಂದಿದ್ದರು.

"ಒಂದು ಸಾಲಿನಲ್ಲಿ ಏನೋ ತೊಂದರೆಯಂತೆ. ಅಪ್ಪ ನೀನೇ ಬಾ ಅಂದರು," ಎಂದಳು ಹೇಜಿನ್. ಚುರುಕು ಹುಡುಗಿ, ಕೈಯಲ್ಲಿ ಬೈಸಿಕಲ್ ಹೆಲ್ಮೆಟ್ಟು, ತಲೆ ತುಂಬ ಆ ವಾರದ ಶೂಟಿಂಗ್. ನಾನು ಮಿಸ್ಟರ್ ಮಿನ್ ಕಡೆ ನೋಡಿದೆ. ಅವರು ಕೂರಲಿಲ್ಲ. ಗೋಡೆಗೆ ಒರಗಿ ನಿಂತು, ತೋರಿಸಿ ಎಂಬಂತೆ ತಲೆಯಾಡಿಸಿದರು.

ಧ್ವನಿ ತೆಗೆದು ದೃಶ್ಯ ಹಾಕಿದೆ. ಪಿಸುಮಾತಿನ ಜಾಗ ಬಂದಾಗ ಹೇಜಿನ್ ಮುಂದೆ ಬಾಗಿದಳು. "ಅವಳು ಮಾತೇ ಆಡಿಲ್ಲ," ಎಂದಳು. "ಎಷ್ಟು ಸಲ ಎಡಿಟ್ ಮಾಡಿದೆ, ನೋಡಲೇ ಇಲ್ಲ. ಹಾಗಾದರೆ ಅದು ಯಾರ ದನಿ?"

ನಾನು ಹೆಡ್‌ಫೋನ್ ಕೊಟ್ಟೆ. ಅವಳು ಕೇಳಿದಳು. ಇನ್ನೊಂದು ಸಲ ಕೇಳಿದಳು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಡದೆ ಎದೆಗೆ ಹಿಡಿದುಕೊಂಡು, ಕುರ್ಚಿ ತಿರುಗಿಸಿ ತಂದೆಯ ಕಡೆ ನೋಡಿದಳು. ಅವರು ಒರಗಿ ನಿಂತಿದ್ದನ್ನು ಅವಳು ಆಗ ನೋಡಿದಳು ಅನ್ನಿಸುತ್ತದೆ, ನಿಜವಾಗಿ.

ಅವಳು ಕೊರಿಯನ್ನಿನಲ್ಲಿ ಎರಡೇ ಶಬ್ದ ಆಡಿದಳು.

"ಅಪ್ಪ, ಅಫಾ?"

ಅಪ್ಪಾ, ನೋಯ್ತಿದೆಯಾ? ಪಕ್ಕಪಕ್ಕದಲ್ಲಿ ನಿಂತಾಗ ಎರಡರ ನಡುವಿನ ವ್ಯತ್ಯಾಸ ನನ್ನ ಕನ್ನಡ ಕಿವಿಗೂ ಸ್ಪಷ್ಟವಾಗಿ ಕೇಳಿಸಿತು.

ಮಿಸ್ಟರ್ ಮಿನ್ "ಗ್ವೆಂ..." ಎಂದು ಶುರು ಮಾಡಿದರು. ಅಷ್ಟಕ್ಕೆ ನಿಲ್ಲಿಸಿದರು. ನೆಲ ನೋಡಿದರು. ಆಮೇಲೆ "ಉಂ" ಎಂದರು.

ಆ ‘ಉಂ’ಗೆ ಟೆಂಪ್ಲೇಟ್ ಬೇಕಿರಲಿಲ್ಲ. ನಾನು ಎದ್ದು ಕಾಫಿ ತರುವ ನೆಪದಲ್ಲಿ ಹೊರಗೆ ಹೋದೆ. ಸ್ವಲ್ಪ ತಡಮಾಡಿಯೇ ಬಂದೆ.

ಅಂದೇ ಅವಳು ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಬೆನ್ನುಮೂಳೆಯ ಒಂದು ಎಲುಬು ಕುಸಿದು ಬಿರುಕು ಬಿಟ್ಟಿತ್ತು. ವಯಸ್ಸಾದವರಲ್ಲಿ ಮೂಳೆ ಟೊಳ್ಳಾಗಿದ್ದರೆ ಹೀಗಾಗುತ್ತದಂತೆ. ಬೆಲ್ಟು ಕಟ್ಟಿ, ಔಷಧಿ ಕೊಟ್ಟು, ಭಾರ ಎತ್ತಲೇಬಾರದು ಎಂದರು. ಇನ್ನೊಮ್ಮೆ ಹೊತ್ತಿದ್ದರೆ ಪಕ್ಕದ ಎಲುಬೂ ಹೋಗಬಹುದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಹೇಜಿನ್ ನನಗೆ ಫೋನಿನಲ್ಲಿ ಹೇಳುವಾಗ ನಡುವೆ ಎರಡು ಸಲ ನಿಲ್ಲಿಸಿದಳು. ಶೂಟಿಂಗ್ ರದ್ದಾಯಿತು. ನಾನು ಬಳಗದವರನ್ನು ಕೇಳಿಕೊಂಡು ಫೈಲಿಗೆ ಇನ್ನೂ ಒಂದು ದಿನದ ಗಡುವು ಪಡೆದೆ. ನನ್ನ ವೃತ್ತಿಯಲ್ಲಿ ಅದೇ ಮೊದಲು, ಅದೇ ಕೊನೆ.

ಗಡುವು ಕೇಳಿದ್ದಕ್ಕೆ ಕಾರಣವಿತ್ತು. ಹೇಜಿನ್ ಆ ಶಾಟನ್ನೇ ಕತ್ತರಿಸಿ ತೆಗೆಯಲು ಹೊರಟಿದ್ದಳು. "ನನ್ನಪ್ಪನ ಬೆನ್ನು ಮುರಿಯುವುದನ್ನು ಜನ ಟಿಕೆಟ್ ತೆಗೆದು ನೋಡಬೇಕಾ?" ಎಂದಳು. ಅದಕ್ಕೆ ಉತ್ತರ ಕೊಡುವುದು ನನ್ನ ಕೆಲಸವಾಗಿರಲಿಲ್ಲ. ಉತ್ತರ ಕೊಟ್ಟವರು ಮಿಸ್ಟರ್ ಮಿನ್. ಅದೇ ಫೋನಿನ ಸ್ಪೀಕರಿನಲ್ಲಿ, ಮಗಳಿಗೂ ನನಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಹೇಳಿದರು.

"ತೆಗೆಯಬೇಡ. ಇಡೀ ಸಿನಿಮಾದಲ್ಲಿ ನಾನು ನಟಿಸಿದ್ದೇನೆ, ಚೆನ್ನಾಗಿಲ್ಲ. ಅದೊಂದು ಜಾಗದಲ್ಲಿ ನಟಿಸಿಲ್ಲ."

ಅವಳು ಕೇಳಿದಳು: "ಹಾಗಾದರೆ ಕೆಳಗೆ ಏನು ಬರೆಯಬೇಕು?"

"ನಾನು ಏನು ಹೇಳಿದೆನೋ ಅದು," ಎಂದರು. "ಆ ಮ್ಯಾಡಂ ಬೇರೆ ಬರೆಯುವುದಿಲ್ಲ. ಕೇಳಿ ನೋಡಿದ್ದೇನೆ."

ಇಂಗ್ಲಿಷ್ ಟೆಂಪ್ಲೇಟಿನಲ್ಲಿ ಹೇಜಿನ್ ‘ಡ್ಯಾಡ್’ ಅಳಿಸಿ ತಂದೆಯ ಮಾತನ್ನು ಹಾಕಿದಳು. ಕನ್ನಡಕ್ಕೆ ಚೈತ್ರ ಮೂರು ಬಗೆ ಕಳಿಸಿದಳು: ‘ಅಪ್ಪಾ!’, ‘ಬೆನ್ನು ನೋವು’, ‘ನೋಯ್ತಿದೆ’. ಮೊದಲನೆಯದು ನಮ್ಮ ಜನರ ಬಾಯಿಗೆ ಸಹಜ, ಆದರೆ ಅದರಲ್ಲಿ ನೋವು ಮತ್ತೆ ಅಡಗಿ ಕೂರುತ್ತಿತ್ತು. ಎರಡನೆಯದು ಡಾಕ್ಟರ ಚೀಟಿ. ಮೂರನೆಯದನ್ನು ಉಳಿಸಿದೆವು. ಚಿತ್ರದ ಅರ್ಥವೇ ಅದರಿಂದ ಒಂದಿಷ್ಟು ಹೊರಳಿತು. ಮೊದಲು ಮಗಳು ಕೊನೆಗೂ ಕರೆಯುತ್ತಾಳೆ ಎಂಬ ಕತೆಯಾಗಿತ್ತು. ಈಗ ತಂದೆ ಕೊನೆಗೂ ಹೇಳುತ್ತಾನೆ, ಮಗಳು ಬಾಯಿ ಮುಚ್ಚಿ ಕೇಳಿಸಿಕೊಳ್ಳುತ್ತಾಳೆ ಎಂಬ ಕತೆಯಾಯಿತು. ಎರಡನೆಯದು ನನಗೆ ಹೆಚ್ಚು ನಿಜವೆನ್ನಿಸಿತು.

ಫ್ರೀಮಾಂಟಿನ ಪ್ರದರ್ಶನಕ್ಕೆ ಮಿಸ್ಟರ್ ಮಿನ್ ಬೆಲ್ಟು ಕಟ್ಟಿಕೊಂಡು ಬಂದು, ಹಿಂದಿನ ಸಾಲಿನಲ್ಲಿ ದಿಂಬು ಇಟ್ಟುಕೊಂಡು ಕೂತಿದ್ದರು. ಮೆಟ್ಟಿಲಿನ ದೃಶ್ಯದಲ್ಲಿ ಪರದೆಯ ಮೇಲೆ ‘ನೋಯ್ತಿದೆ’ ಎಂದು ಬಂದಾಗ, ಧಾರವಾಡದ ಕಡೆಯ ಅಜ್ಜಿಯೊಬ್ಬರು ಕತ್ತಲಲ್ಲೇ ಗಟ್ಟಿಯಾಗಿ, "ಮೊದಲ ಹೇಳಬಾರದೇನೋ ಮಾರಾಯಾ!" ಎಂದರು. ಸಭಾಂಗಣವೆಲ್ಲ ನಕ್ಕಿತು. ಏನು ಹೇಳಿದರು ಎಂದು ಮಿಸ್ಟರ್ ಮಿನ್ ಕೇಳಿದರು. ನಾನು ಅನುವಾದ ಮಾಡಿದೆ. ಅವರು ಎದ್ದು ನಿಲ್ಲಲಾಗದೆ ಕೂತಲ್ಲಿಂದಲೇ ಆ ದಿಕ್ಕಿಗೆ ತಲೆ ಬಾಗಿಸಿದರು.

ಮುಂದಿನ ವಸಂತದಲ್ಲಿ, ನಾನು ನಿವೃತ್ತಳಾಗುವ ವಾರ, ಅವರಿಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿದೆ. ನಮ್ಮಲ್ಲೂ ಅವರಲ್ಲೂ ಆ ಪ್ರಶ್ನೆಗೆ ಒಂದೇ ಉತ್ತರ ಇರುವುದು, ಅದು ಉತ್ತರವೂ ಅಲ್ಲ. ಅವರು ಅದನ್ನೇ ಶುರು ಮಾಡಿದರು. ಹಿಂದಿನಿಂದ ಹೇಜಿನ್ ದನಿ ಕೇಳಿಸಿತು: "ಪೂರ್ತಿ ವಾಕ್ಯ ಹೇಳಪ್ಪಾ."

"ಬೆಳಿಗ್ಗೆ ಏಳುವಾಗ ನೋಯುತ್ತದೆ," ಎಂದರು ಮಿಸ್ಟರ್ ಮಿನ್. "ಸಂಜೆ ಕಡಿಮೆ. ಈಗ ಮಂಚದ ಮೇಲೆ ಮಲಗುತ್ತೇನೆ. ಎಬ್ಬಿಸಲು ಇವಳು ಬರುತ್ತಾಳೆ. ತಡವಾಗಿ ಬರುತ್ತಾಳೆ."

"ಅಪ್ಪಾ!" ಎಂದಳು ಹಿಂದಿನಿಂದ ಮಗಳು.

ಯಾರ ಮಾತು, ಏನು ಮಾತು ಎಂದು ನೋಡದೆ ಸಾಲು ತುಂಬಬಾರದು ಎಂಬುದು ನನ್ನ ಕೆಲಸದ ಮೊದಲ ಪಾಠ. ಅದನ್ನು ನಾನು ಬಹುಕಾಲ ಅಕ್ಷರಗಳಿಗೆ ಮಾತ್ರ ಸೇರಿದ್ದು ಎಂದುಕೊಂಡಿದ್ದೆ. ಮಕ್ಕಳಿಗಾಗಿ ನೋವು ನುಂಗುವವರನ್ನು ನಾವು ಹೊಗಳುತ್ತೇವೆ, ಅವರ ಮೌನವನ್ನು ಚೆಂದದ ಮಾತುಗಳಿಂದ ತುಂಬುತ್ತೇವೆ. ಆ ಸಾಲನ್ನು ಖಾಲಿ ಬಿಟ್ಟು ಅವರೇ ತುಂಬುವವರೆಗೆ ಕಾಯುವುದು ಹೆಚ್ಚು ಕಷ್ಟ, ಹೆಚ್ಚು ಮರ್ಯಾದೆಯ ಕೆಲಸ. ಆದರೆ ಕಾಯುವುದಕ್ಕೂ ಒಂದು ಸೋಮವಾರ ಇರಬೇಕು.